ಲೈಟ್‌ಮ್ಯಾನಿಗೂ ಒಂದು ವೀಸಾ

(ಒಬ್ಬಾಕೆ ಎರಡನೆಯ ಚಿತ್ರದ ತಯಾರಿಯಲ್ಲಿರುವ ನಿರ್ದೇಶಕಿ. ಇನ್ನೊಬ್ಬರು ಗಾಂಧಿನಗರದಲ್ಲೇ ತಲೆ ಬೆಳ್ಳಗಾದ ಪ್ರೊಡಕ್ಷನ್ ಮ್ಯಾನೇಜರ್. ಮಾತು ಎರಡು ಹಾಡುಗಳ ಬಗ್ಗೆ. ಒಂದನ್ನು ಇಟಲಿಯಲ್ಲಿ, ಇನ್ನೊಂದನ್ನು ಸ್ವಿಟ್ಜರ್ಲೆಂಡಿನಲ್ಲಿ ತೆಗೆಯಬೇಕೆಂದು ಆಕೆಯ ಆಸೆ.)

ನಿರ್ದೇಶಕಿ: ಅಣ್ಣಾ, ಲೆಕ್ಕ ಹಾಕಿ ಆಯ್ತು. ಇಬ್ಬರು ಕಲಾವಿದರು, ಕ್ಯಾಮೆರಾಮನ್, ಡ್ಯಾನ್ಸ್ ಮಾಸ್ಟರು, ಮೇಕಪ್ಪು, ಕಾಸ್ಟ್ಯೂಮು, ಮೂವರು ಲೈಟ್‌ಮ್ಯಾನ್, ಒಬ್ಬ ಪ್ರೊಡಕ್ಷನ್ ಹುಡುಗ. ಎಲ್ಲರಿಗೂ ಟೂರಿಸ್ಟ್ ವೀಸಾ ಮಾಡಿಸಿಬಿಡೋಣ. ಕ್ಯಾಮೆರಾ, ಲೆನ್ಸು ಎಲ್ಲರ ಸೂಟ್‌ಕೇಸಿಗೆ ಹಂಚಿದರೆ ಯಾರಿಗೂ ಅನುಮಾನ ಬರಲ್ಲ.

ಮ್ಯಾನೇಜರ್: ಮಿಲಾನ್ ಏರ್‌ಪೋರ್ಟಲ್ಲಿ ಪೆಟ್ಟಿಗೆ ಬಿಚ್ಚಿಸಿದರೆ? ಒಬ್ಬರ ಹತ್ತಿರ ನಾಲ್ಕು ಲೆನ್ಸು, ಇನ್ನೊಬ್ಬರ ಹತ್ತಿರ ಒಂದೇ ಬಣ್ಣದ ಆರು ಲಂಗ, ಮತ್ತೊಬ್ಬರ ಹತ್ತಿರ ಬರೀ ಬ್ಯಾಟರಿ. ಇದು ಯಾವ ಸೀಮೆಯ ಪ್ರವಾಸ ಅಂತ ಅವರು ಕೇಳಲ್ವಾ ಮೇಡಂ?

ನಿರ್ದೇಶಕಿ: ಎಲ್ಲರೂ ಹಾಗೇ ಹೋಗಿಬರ್ತಾರಲ್ಲ. ಒಂದು ಹಾಡು ತಾನೆ. ರಸ್ತೆಯಲ್ಲಿ ಪ್ರವಾಸಿಗರೆಲ್ಲ ವಿಡಿಯೊ ಮಾಡ್ತಿರ್ತಾರೆ, ಅವರ ಮಧ್ಯೆ ನಾವೂ ಒಬ್ಬರು.

ಮ್ಯಾನೇಜರ್: ಹೋಗಿಬಂದವರ ಕಥೆ ಮಾತ್ರ ಗಾಂಧಿನಗರಕ್ಕೆ ಬರುತ್ತೆ. ಗಡಿಯಿಂದಲೇ ವಾಪಸ್ ಬಂದವರ ಕಥೆಯನ್ನು ಯಾರೂ ಹೇಳಿಕೊಳ್ಳಲ್ಲ. ಯುರೋಪಿನ ಷೆಂಗೆನ್ ವೀಸಾ ಅರ್ಜಿಯಲ್ಲಿ ಪ್ರಯಾಣದ ಉದ್ದೇಶ ಅಂತ ಒಂದು ಕಾಲಂ ಇದೆ. ಅಲ್ಲಿ ಪ್ರವಾಸ ಅಂತ ಬರೆದು ಸಹಿ ಹಾಕೋರು ಪ್ರೊಡ್ಯೂಸರ್ ಅಲ್ಲ, ನೀವೂ ಅಲ್ಲ. ಆ ಹಾಳೆಗೆ ಸಹಿ ಹಾಕೋದು ಲೈಟ್‌ಮ್ಯಾನು. ಸುಳ್ಳು ಸಿಕ್ಕಿಬಿದ್ದರೆ ವೀಸಾ ರದ್ದಾಗೋದು ಅವನದು. ನಿರಾಕರಣೆಯ ದಾಖಲೆ ಷೆಂಗೆನ್ ದೇಶಗಳೆಲ್ಲ ನೋಡೋ ಒಂದೇ ಕಡತದಲ್ಲಿ 5 ವರ್ಷ ಇರುತ್ತೆ. ಹೀರೊಗೆ ಹತ್ತು ದೇಶದ ಮುದ್ರೆ ಇರುತ್ತೆ, ವಕೀಲರು ಇರ್ತಾರೆ. ಇವನಿಗೆ ಇರೋದು ಆ ಒಂದೇ ಪಾಸ್‌ಪೋರ್ಟು.

ನಿರ್ದೇಶಕಿ: ಹಾಗಾದರೆ ದ್ವಾರಕೀಶ್ ಕಾಲದಲ್ಲಿ ಹೇಗೆ ಹೋಗ್ತಿದ್ದರು? ಆಗಿನ ಯೂನಿಟ್ಟುಗಳಿಗೆ ಇಷ್ಟೆಲ್ಲ ಕಟ್ಟಳೆ ಇತ್ತಾ?

ಮ್ಯಾನೇಜರ್: ಕಟ್ಟಳೆ ಇನ್ನೂ ಬಿಗಿಯಾಗಿತ್ತು, ಆದರೆ ಬೇರೆ ಕಡೆ. ದ್ವಾರಕೀಶ್ ಅವರ ‘ಸಿಂಗಾಪೂರ್‌ನಲ್ಲಿ ರಾಜಾಕುಳ್ಳ’ ಬಂದದ್ದು 1978ರಲ್ಲಿ. ವಿದೇಶದಲ್ಲಿ ಚಿತ್ರೀಕರಣವಾದ ಮೊದಲ ಕನ್ನಡ ಚಿತ್ರ ಅಂತ ಅದಕ್ಕೆ ಹೆಸರು. ಆಗ 1973ರ ವಿದೇಶಿ ವಿನಿಮಯ ಕಾಯ್ದೆ ಜಾರಿಯಲ್ಲಿತ್ತು. ಹೊರದೇಶದಲ್ಲಿ ಖರ್ಚು ಮಾಡೋ ಒಂದೊಂದು ಡಾಲರಿಗೂ ರಿಸರ್ವ್ ಬ್ಯಾಂಕಿನ ಒಪ್ಪಿಗೆ ಬೇಕು. ಅವತ್ತು ಬಾಗಿಲು ಹಾಕ್ತಾ ಇದ್ದದ್ದು ನಮ್ಮ ಸರ್ಕಾರ, ದುಡ್ಡು ಹೊರಗೆ ಹೋಗುತ್ತೆ ಅಂತ. ಇವತ್ತು ಬಾಗಿಲಲ್ಲಿ ನಿಂತಿರೋದು ಅವರ ಸರ್ಕಾರ, ಜನ ಒಳಗೆ ಬರ್ತಾರೆ ಅಂತ. ದುಡ್ಡಿನ ದಾರಿ ಸಲೀಸಾಯ್ತು, ಮನುಷ್ಯರದ್ದು ಆಗಲಿಲ್ಲ.

ನಿರ್ದೇಶಕಿ: ಸರಿ, ಸರಿಯಾದ ದಾರಿಯಲ್ಲೇ ಹೋಗೋಣ ಅಂದ್ಕೊಳ್ಳಿ. ಷೆಂಗೆನ್ ವೀಸಾ ಒಂದು ತಗೊಂಡರೆ ಇಟಲಿ, ಸ್ವಿಟ್ಜರ್ಲೆಂಡ್ ಎರಡೂ ಆಗುತ್ತಲ್ಲ?

ಮ್ಯಾನೇಜರ್: ಪ್ರವೇಶಕ್ಕೆ ಆಗುತ್ತೆ. ಯಾವ ದೇಶದಲ್ಲಿ ಹೆಚ್ಚು ದಿನ ಇರ್ತೀವೋ ಅವರ ಕಾನ್ಸುಲೇಟಿಗೆ ಅರ್ಜಿ. ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಹಾಕಬಹುದು, ಕೊನೇ ಪಕ್ಷ 15 ದಿನ ಮೊದಲು ಹಾಕಲೇಬೇಕು. ದೊಡ್ಡವರಿಗೆ ಶುಲ್ಕ 90 ಯೂರೊ. ವೈದ್ಯಕೀಯ ವಿಮೆ ಕಡಿಮೆ ಅಂದ್ರೂ 30,000 ಯೂರೊದ್ದು. ಯಾವುದೇ 180 ದಿನದಲ್ಲಿ 90 ದಿನ ಇರಬಹುದು. ಮೊದಲು ಆ ದಿನಗಳನ್ನು ಪಾಸ್‌ಪೋರ್ಟಿನ ಮುದ್ರೆ ನೋಡಿ ಎಣಿಸ್ತಿದ್ದರು. 2025ರ ಅಕ್ಟೋಬರಿನಿಂದ ಗಡಿಯಲ್ಲಿ ಬೆರಳಚ್ಚು, ಮುಖದ ಚಿತ್ರ ತಗೊಂಡು ಕಂಪ್ಯೂಟರಿಗೆ ಏರಿಸೋ ವ್ಯವಸ್ಥೆ ಶುರುವಾಗಿದೆ. ಎಣಿಕೆ ಅದೇ ಮಾಡುತ್ತೆ. ಆದರೆ ಇಷ್ಟೆಲ್ಲ ಇದ್ದರೂ ಷೆಂಗೆನ್ ವೀಸಾ ಅಂದರೆ ಕೆಲಸ ಮಾಡೋ ಹಕ್ಕಲ್ಲ. ಕ್ಯಾಮೆರಾ ಹಿಡಿದು ಕೆಲಸ ಮಾಡಬಹುದಾ, ಎಷ್ಟು ದಿನ, ಯಾವ ಕಾಗದದ ಮೇಲೆ ಅನ್ನೋದನ್ನು ಇಟಲಿ ತನ್ನ ಕಾನೂನಿನಲ್ಲಿ ಹೇಳುತ್ತೆ, ಸ್ವಿಟ್ಜರ್ಲೆಂಡ್ ತನ್ನದರಲ್ಲಿ.

ನಿರ್ದೇಶಕಿ: ಒಂದೊಂದು ದೇಶಕ್ಕೂ ಒಂದೊಂದು ನಿಯಮ ಅಂದರೆ ಚಿಕ್ಕ ಯೂನಿಟ್ಟು ಏನು ಮಾಡಬೇಕು?

ಮ್ಯಾನೇಜರ್: ದೇಶ ಆರಿಸೋದೇ ಆ ನಿಯಮ ನೋಡಿಕೊಂಡು. ಬ್ರಿಟನ್ ತಗೊಳ್ಳಿ. ಅಲ್ಲಿ ವಿಸಿಟರ್ ವೀಸಾದಲ್ಲೇ ಲೊಕೇಶನ್ ಶೂಟಿಗೆ ಅವಕಾಶ ಇದೆ. ಎರಡು ಷರತ್ತು. ಚಿತ್ರಕ್ಕೆ ಹಣ ಹಾಕಿ ತಯಾರಿಸೋದು ಹೊರದೇಶದ ಸಂಸ್ಥೆ ಆಗಿರಬೇಕು. ಬರೋ ನಟ, ನಿರ್ದೇಶಕ, ತಂತ್ರಜ್ಞರೂ ಹೊರದೇಶದ ಸಂಸ್ಥೆಯ ನೌಕರರಾಗಿರಬೇಕು. ನಿಜ ಹೇಳಿ, ಕಾಗದ ತೋರಿಸಿ ಹೋಗಬಹುದು. ಅಮೆರಿಕದಲ್ಲಿ ಉಲ್ಟಾ. ಪ್ರವಾಸಿ ವೀಸಾದಲ್ಲಿ ಮನರಂಜನೆಯ ಚಿತ್ರ ತೆಗೆಯೋ ಹಾಗಿಲ್ಲ. ಪತ್ರಕರ್ತರಿಗೆ ಕೊಡೋ ಐ ವೀಸಾ ಸುದ್ದಿಗೆ, ಸಾಕ್ಷ್ಯಚಿತ್ರಕ್ಕೆ ಸೈ, ಹಾಡಿಗೆ ಅಲ್ಲ. ನಟನಿಗೆ ಓ-1, ಅವನ ಜೊತೆ ಬರೋ ತಂತ್ರಜ್ಞರಿಗೆ ಓ-2. ಅರ್ಜಿಯನ್ನು ಅಮೆರಿಕದಲ್ಲಿರೋ ಸಂಸ್ಥೆ ಅಥವಾ ಏಜೆಂಟು ಹಾಕಬೇಕು, ಅದರ ಜೊತೆ ಅಲ್ಲಿನ ಕಾರ್ಮಿಕ ಸಂಘದ ಅಭಿಪ್ರಾಯವೂ ಬೇಕು.

ನಿರ್ದೇಶಕಿ: ಅವರ ಯೂನಿಯನ್ನಿಗೆ ನಮ್ಮ ಹಾಡಿನಲ್ಲಿ ಏನು ಕೆಲಸ?

ಮ್ಯಾನೇಜರ್: ನಮ್ಮ ಸಿನಿಮಾ ಕಾರ್ಮಿಕರ ಒಕ್ಕೂಟ ಹೊರಗಿನ ತಂತ್ರಜ್ಞ ಬಂದಾಗ ಕಾರ್ಡ್ ಕೇಳಲ್ವಾ? ಅದೇ ಕೆಲಸ. ಇನ್ನು ಥಾಯ್ಲೆಂಡ್. ನಮ್ಮವರಿಗೆ ಹತ್ತಿರ, ಅಗ್ಗ. ಪ್ರವಾಸಕ್ಕೆ ವೀಸಾನೇ ಬೇಡ ಅಂತ 2023ರ ಕೊನೆಯಲ್ಲಿ ಬಾಗಿಲು ತೆರೆದರು. ಅದನ್ನು ನೋಡಿ ಯೂನಿಟ್ಟುಗಳು ಟಿಕೆಟ್ ಬುಕ್ ಮಾಡಿಬಿಡ್ತಾರೆ. ಆದರೆ ಅಲ್ಲಿ ಸಿನಿಮಾಗೆ 2008ರ ಪ್ರತ್ಯೇಕ ಕಾಯ್ದೆ ಇದೆ. ಪ್ರವಾಸೋದ್ಯಮ ಇಲಾಖೆಯ ಫಿಲ್ಮ್ ಕಚೇರಿಯಲ್ಲಿ ನೋಂದಾಯಿಸಿದ ಸ್ಥಳೀಯ ಕೋಆರ್ಡಿನೇಟರ್ ಮೂಲಕವೇ ಅರ್ಜಿ ಹೋಗಬೇಕು. ಚಿತ್ರಕಥೆ ಕೊಡಬೇಕು, ಅವರು ಓದಿ ಒಪ್ಪಬೇಕು. ಯೂನಿಟ್ಟಿಗೆ ಎಂ ವರ್ಗದ ವೀಸಾ, ಅದರ ಮೇಲೆ ಕೆಲಸದ ಪರವಾನಗಿ. ವೀಸಾ ಬೇಡ ಅನ್ನೋ ಮಾತು ಸಮುದ್ರದ ದಡದಲ್ಲಿ ಮಲಗೋರಿಗೆ. ದಡದಲ್ಲಿ ಕ್ಯಾಮೆರಾದ ಜಿಮ್ಮಿ ಕ್ರೇನು ನಿಲ್ಲಿಸೋರಿಗೆ ಅಲ್ಲ.

ನಿರ್ದೇಶಕಿ: ಜನರದ್ದು ಆಯ್ತು. ಸಾಮಾನು?

ಮ್ಯಾನೇಜರ್: ಸಾಮಾನಿಗೂ ಒಂದು ಪಾಸ್‌ಪೋರ್ಟ್ ಇದೆ, ಎಟಿಎ ಕಾರ್ನೆ. 1961ರ ಬ್ರಸೆಲ್ಸ್ ಒಪ್ಪಂದದಿಂದ ಬಂದದ್ದು. ನಮ್ಮ ದೇಶದಲ್ಲಿ ಅದನ್ನು ಕೊಡೋದು ಉದ್ಯಮಗಳ ಒಕ್ಕೂಟವಾದ ಫಿಕ್ಕಿ. ಕ್ಯಾಮೆರಾ, ಲೆನ್ಸು, ಟ್ರೈಪಾಡು, ಮೈಕು, ಒಂದೊಂದರ ಸೀರಿಯಲ್ ನಂಬರು, ತೂಕ, ಬೆಲೆ, ತಯಾರಾದ ದೇಶ, ಎಲ್ಲ ಪಟ್ಟಿಯಲ್ಲಿರಬೇಕು. ಭದ್ರತೆಗೆ ಬ್ಯಾಂಕ್ ಗ್ಯಾರಂಟಿ ಅಥವಾ ಠೇವಣಿ. ಒಂದು ವರ್ಷ ನಡೆಯುತ್ತೆ. ಹೋದ ದೇಶದಲ್ಲಿ ಸುಂಕ ಕಟ್ಟಬೇಕಿಲ್ಲ, ಆದರೆ ಪಟ್ಟಿಯಲ್ಲಿ ಇರೋದೆಲ್ಲ ವಾಪಸ್ ಬರಬೇಕು. ಒಂದು ಲೆನ್ಸು ಕಳೆದರೂ ಸುಂಕದ ಬಿಲ್ಲು ಹಿಂದೆಯೇ ಬರುತ್ತೆ. ಒಮ್ಮೆ ಕಾರ್ನೆ ಕೈಗೆ ಬಂದಮೇಲೆ ಹೊಸ ಸಾಮಾನು ಸೇರಿಸೋ ಹಾಗಿಲ್ಲ. ಕ್ಯಾಮೆರಾಮನ್ ಹೊರಡೋ ಹಿಂದಿನ ರಾತ್ರಿ ಇನ್ನೊಂದು ಲೆನ್ಸು ಬೇಕು ಅಂದರೆ ಆ ಲೆನ್ಸು ಇಲ್ಲೇ ಉಳೀಬೇಕು.

ನಿರ್ದೇಶಕಿ: ಇಟಲಿಯಿಂದ ಸ್ವಿಟ್ಜರ್ಲೆಂಡಿಗೆ ವ್ಯಾನಿನಲ್ಲಿ ಹೋಗ್ತೀವಿ. ಗಡಿಯಲ್ಲಿ ಪಾಸ್‌ಪೋರ್ಟ್ ಕೇಳೋದೇ ಅಪರೂಪವಂತೆ.

ಮ್ಯಾನೇಜರ್: ಎಷ್ಟೋ ಯೂನಿಟ್ಟು ಬೀಳೋ ಗುಂಡಿ ಇದೇ. ಸ್ವಿಟ್ಜರ್ಲೆಂಡ್ 2008ರಿಂದ ಷೆಂಗೆನ್ ಒಳಗಿದೆ, ಆದ್ದರಿಂದ ನಿಮಗೆ ಮುದ್ರೆ ಇಲ್ಲ. ಆದರೆ ಅದು ಐರೋಪ್ಯ ಒಕ್ಕೂಟದ ಸುಂಕ ವಲಯದಲ್ಲಿ ಇಲ್ಲ, ಆದ್ದರಿಂದ ಕ್ಯಾಮೆರಾಗೆ ಮುದ್ರೆ ಬೇಕು. ಕಿಯಾಸ್ಸೊ ಗಡಿಯಲ್ಲಿ ವ್ಯಾನು ನಿಲ್ಲಿಸಿ ಇಟಲಿಯವರಿಂದ ಹೊರಗೆ ಹೋದ ಮುದ್ರೆ, ಸ್ವಿಸ್‌ನವರಿಂದ ಒಳಗೆ ಬಂದ ಮುದ್ರೆ, ಎರಡೂ ಹಾಕಿಸಬೇಕು. ಯಾರೂ ತಡೀಲಿಲ್ಲ ಅಂತ ಖುಷಿಯಾಗಿ ದಾಟಿಬಿಟ್ಟರೆ, ಕ್ಯಾಮೆರಾ ಇನ್ನೂ ಇಟಲಿಯಲ್ಲೇ ಇದೆ ಅಂತ ಲೆಕ್ಕ. ಕಾರ್ನೆ ಮುಗಿದಮೇಲೆ ಇಟಲಿ ಸುಂಕ ಕೇಳುತ್ತೆ.

ನಿರ್ದೇಶಕಿ: ಬ್ಯಾಟರಿ?

ಮ್ಯಾನೇಜರ್: ಸ್ಪೇರ್ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಬರಬೇಕು, ಲಗೇಜಿಗೆ ಹಾಕೋ ಹಾಗಿಲ್ಲ. 100 ವ್ಯಾಟ್-ಅವರ್ ಒಳಗಿನದ್ದಕ್ಕೆ ತೊಂದರೆ ಇಲ್ಲ. 100ರಿಂದ 160ರವರೆಗಿನದ್ದು ವಿಮಾನ ಸಂಸ್ಥೆ ಒಪ್ಪಿದರೆ ತಲೆಗೆ ಎರಡು. ಅದಕ್ಕಿಂತ ದೊಡ್ಡದು ಕಾರ್ಗೊದಲ್ಲಿ ಹೋಗಬೇಕು. ಮಾರುಕಟ್ಟೆಯಲ್ಲಿ 98ರ ಬ್ಯಾಟರಿ ಅಷ್ಟೊಂದು ಯಾಕೆ ಸಿಗುತ್ತೆ ಅಂದ್ಕೊಂಡಿದ್ದೀರಿ? ಇನ್ನೊಂದು, ಪ್ರೊಡಕ್ಷನ್ ಹುಡುಗನಿಗೆ ಹೇಳಿ, ತುಪ್ಪದ ಡಬ್ಬಿ ಬೇಡ. ಹೊರಗಿನಿಂದ ಬರೋ ಪ್ರಯಾಣಿಕರ ಸಾಮಾನಿನಲ್ಲಿ ಹಾಲಿನ ಪದಾರ್ಥ, ಮಾಂಸ ಯಾವುದನ್ನೂ ಐರೋಪ್ಯ ಒಕ್ಕೂಟ ಬಿಡಲ್ಲ. ಸಾರಿನ ಪುಡಿ ಸಾಕು.

ನಿರ್ದೇಶಕಿ: ತುಪ್ಪ ಇಲ್ಲದೆ ನಮ್ಮ ಹೀರೊ ಊಟ ಮಾಡಲ್ಲ. ಅದನ್ನು ಆಮೇಲೆ ನೋಡೋಣ. ಜಾಗದ ಅನುಮತಿ ಹೇಳಿ. ಬೆಟ್ಟದ ಮುಂದೆ ಹಾಡೋಕೆ ಯಾರ ಅನುಮತಿ?

ಮ್ಯಾನೇಜರ್: ಬೆಟ್ಟ ಯಾರದ್ದೋ ಅವರದ್ದು. ಹುಲ್ಲುಗಾವಲು ರೈತನದ್ದಾದರೆ ರೈತನದ್ದು, ರೈಲು ನಿಲ್ದಾಣ ರೈಲ್ವೆ ಕಂಪನಿಯದ್ದು, ರಸ್ತೆ ಊರಿನ ಆಡಳಿತದ್ದು. ಸ್ವಿಸ್ಸರು ನಮ್ಮ ಹಾಡುಗಳಿಗೆ ಮುನಿದವರಲ್ಲ. ಇಂಟರ್‌ಲಾಕೆನ್‌ನಲ್ಲಿ ಯಶ್ ಚೋಪ್ರಾ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ, 2016ರಲ್ಲಿ. ಕೇಳಿದವರಿಗೆ ಕೊಡ್ತಾರೆ. ಕೇಳಿದರೆ ಎಂಥ ಜಾಗ ಸಿಗುತ್ತೆ ಅನ್ನೋದಕ್ಕೆ ‘ನಾಟು ನಾಟು’ ನೋಡಿ. 2021ರ ಆಗಸ್ಟಿನಲ್ಲಿ ಕೀವ್‌ನ ಮಾರಿಯಿನ್‌ಸ್ಕಿ ಅರಮನೆ ಮುಂದೆ ತೆಗೆದದ್ದು. ಅದು ಉಕ್ರೇನಿನ ಅಧ್ಯಕ್ಷರ ಅಧಿಕೃತ ನಿವಾಸ. ಅಲ್ಲಿ ಕದ್ದು ಕುಣಿಯೋಕೆ ಆಗ್ತಿತ್ತಾ? ಆರು ತಿಂಗಳಿಗೆ ಯುದ್ಧ ಶುರುವಾಯ್ತು. ಅದಕ್ಕೇ ಇನ್ನೊಂದು ಮಾತು: ಶೂಟಿಂಗ್ ರದ್ದಾದರೆ ಕಟ್ಟಿದ ದುಡ್ಡು ಏನಾಗುತ್ತೆ ಅನ್ನೋ ಸಾಲನ್ನು ಒಪ್ಪಂದದಲ್ಲಿ ಮೊದಲು ಓದಿ.

ನಿರ್ದೇಶಕಿ: ನ್ಯೂಯಾರ್ಕಿನಲ್ಲಿ ಕೈಯಲ್ಲಿ ಕ್ಯಾಮೆರಾ ಹಿಡಿದರೆ ಅನುಮತಿನೇ ಬೇಡವಂತೆ. ಸ್ನೇಹಿತರೊಬ್ಬರು ಹೇಳಿದರು.

ಮ್ಯಾನೇಜರ್: ಸರಿಯಾಗೇ ಹೇಳಿದ್ದಾರೆ. ಕ್ಯಾಮೆರಾ ಕೈಯಲ್ಲಿ ಅಥವಾ ಟ್ರೈಪಾಡಿನಲ್ಲಿದ್ದು, ರಸ್ತೆ ಫುಟ್‌ಪಾತು ನಮಗೇ ಬೇಕು ಅಂತ ಅಡ್ಡ ಹಾಕದಿದ್ದರೆ ನಗರದ ಪರ್ಮಿಟ್ ಬೇಡ. ಅದಕ್ಕಿಂತ ಹೆಚ್ಚಾದರೆ ಪರ್ಮಿಟ್ ಬೇಕು, 10 ಲಕ್ಷ ಡಾಲರಿನ ಹೊಣೆ ವಿಮೆ ಬೇಕು. ಆದರೆ ಫುಟ್‌ಪಾತಿನ ಮೇಲೆ ನಿಲ್ಲಬಹುದು ಅಂತ ಹೇಳೋದು ನಗರ. ಆ ದೇಶದಲ್ಲಿ ಕೆಲಸ ಮಾಡಬಹುದು ಅಂತ ಹೇಳಬೇಕಾದ್ದು ಅಲ್ಲಿನ ಕೇಂದ್ರ ಸರ್ಕಾರ. ಒಂದರ ಒಪ್ಪಿಗೆ ಇನ್ನೊಂದಕ್ಕೆ ನಡೆಯಲ್ಲ. ಪ್ಯಾರಿಸ್ಸಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಹಗಲಿನ ಐಫೆಲ್ ಗೋಪುರವನ್ನು ಚಿತ್ರದಲ್ಲಿ ತೋರಿಸಬಹುದು. ರಾತ್ರಿಯ ದೀಪಾಲಂಕಾರಕ್ಕೆ ಹಕ್ಕುಸ್ವಾಮ್ಯ ಇದೆ, ವ್ಯಾಪಾರದ ಚಿತ್ರಕ್ಕೆ ಅದನ್ನು ಬಳಸೋದಾದರೆ ಗೋಪುರ ನಡೆಸೋ ಸಂಸ್ಥೆಯ ಒಪ್ಪಿಗೆ ಬೇಕು.

ನಿರ್ದೇಶಕಿ: ಬೆಳಕಿಗೂ ಹಕ್ಕಾ! ಇಷ್ಟೊಂದು ಕಾಗದ ಕೇಳೋ ಬದಲು ಬರಬೇಡಿ ಅಂತಲೇ ಹೇಳಬಹುದಿತ್ತು.

ಮ್ಯಾನೇಜರ್: ನಾವೇನು ಕಡಿಮೆ ಕೇಳ್ತೀವಾ? ಹಂಪಿಯ ಕಲ್ಲಿನ ರಥದ ಮುಂದೆ ಹಾಡು ತೆಗೀಬೇಕು ಅಂದರೆ ಕನ್ನಡಿಗರೂ ಪುರಾತತ್ವ ಇಲಾಖೆಗೆ ಅರ್ಜಿ ಹಾಕಿ ಶುಲ್ಕ ಕಟ್ಟಬೇಕು. ಹೊರದೇಶದವರು ಇಲ್ಲಿಗೆ ಚಿತ್ರ ತೆಗೆಯೋಕೆ ಬರೋದಾದರೆ ಟೂರಿಸ್ಟ್ ವೀಸಾ ನಡೆಯಲ್ಲ, ಫಿಲ್ಮ್ ವೀಸಾ ಅಂತಲೇ ಬೇರೆ ಇದೆ. ಚಿತ್ರಕಥೆಯನ್ನು ದೆಹಲಿಗೆ ಕೊಡಬೇಕು. ಡೇವಿಡ್ ಲೀನ್ ‘ಎ ಪ್ಯಾಸೇಜ್ ಟು ಇಂಡಿಯಾ’ದ ಗುಹೆಗಳನ್ನು ತೆಗೆದದ್ದು ನಮ್ಮ ಸಾವನದುರ್ಗ, ರಾಮನಗರದ ಬಂಡೆಗಳಲ್ಲಿ, 1984ರಲ್ಲಿ ಚಿತ್ರ ಬಂತು. ಅದಕ್ಕೂ ಮೊದಲು ಫ್ರಾನ್ಸಿನ ಲೂಯಿ ಮಾಲ್ ತೆಗೆದ ಭಾರತದ ಸಾಕ್ಷ್ಯಚಿತ್ರಗಳನ್ನು ತೋರಿಸಿದ್ದಕ್ಕೆ 1970ರಲ್ಲಿ ಬಿಬಿಸಿಯ ದೆಹಲಿ ಕಚೇರಿಯನ್ನೇ ಮುಚ್ಚಿಸಿದೆವು. ಈಗ ನೋಡಿದರೆ ಹೊರಗಿನವರು ಬರಲಿ ಅಂತ ಅವರು ಇಲ್ಲಿ ಮಾಡೋ ಖರ್ಚಿನಲ್ಲಿ ಶೇಕಡ 40ರವರೆಗೆ, 30 ಕೋಟಿ ಮಿತಿಯಲ್ಲಿ, ವಾಪಸ್ ಕೊಡ್ತೀವಿ ಅಂತ ಕೇಂದ್ರ ಸರ್ಕಾರ 2023ರಲ್ಲಿ ಘೋಷಿಸಿದೆ. ಪ್ರತಿ ದೇಶಕ್ಕೂ ಸಿನಿಮಾದ ದುಡ್ಡು ಬೇಕು, ಸಿನಿಮಾದ ಕಣ್ಣಿನ ಬಗ್ಗೆ ಭಯವೂ ಇರುತ್ತೆ.

ನಿರ್ದೇಶಕಿ: ಒಪ್ಪಿದೆ. ಆದರೆ ಅಣ್ಣಾ, ಒಂದು ಮಾತಿಗೆ ಉತ್ತರ ಕೊಡಿ. ಲೈಟ್‌ಮ್ಯಾನ್ ಪರವಾಗಿ ಮಾತಾಡಿದಿರಿ. ಸರಿಯಾದ ದಾರಿಯಲ್ಲಿ ಹೋದರೆ ಮೊದಲು ಹೊರಗುಳಿಯೋನೇ ಅವನು. ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳ್ತಾರೆ, ಅವನ ಖಾತೆಯಲ್ಲಿ ಏನೂ ಇರಲ್ಲ. ಆದಾಯ ತೆರಿಗೆ ರಿಟರ್ನ್ ಕೇಳ್ತಾರೆ, ಅವನು ಹಾಕಿರಲ್ಲ. ಕೆಲಸ ಕೊಟ್ಟವರ ಪತ್ರ ಕೇಳ್ತಾರೆ, ಅವನಿಗೆ ದಿನಕ್ಕೊಬ್ಬ ಯಜಮಾನ. ನಿಯಮ ಪಾಲಿಸೋದು ಅಂದರೆ ಅವನನ್ನು ಬಿಟ್ಟು ಹೋಗೋದು ಅಂತಲೇ ಅರ್ಥ ಅಲ್ವಾ?

ಮ್ಯಾನೇಜರ್: ನೀವು ಕೇಳಿದ್ದು ಸರಿ. ಅದಕ್ಕಿಂತ ಕೆಟ್ಟದ್ದೂ ಇದೆ. ಹತ್ತನೇ ಕ್ಲಾಸ್ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಇಸಿಆರ್ ಅಂತ ಬರುತ್ತೆ. 1983ರ ವಲಸೆ ಕಾಯ್ದೆ ಪ್ರಕಾರ ಅವರು ಕೆಲಸಕ್ಕೆ ಅಂತ 18 ದೇಶಗಳಿಗೆ ಹೋಗೋದಾದರೆ ನಮ್ಮ ಸರ್ಕಾರದಿಂದಲೇ ಮೊದಲು ಅನುಮತಿ ಬೇಕು. ದುಬೈ ಇರೋ ಯುಎಇ, ಮಲೇಷ್ಯಾ, ಥಾಯ್ಲೆಂಡ್ ಮೂರೂ ಆ ಪಟ್ಟಿಯಲ್ಲಿವೆ, ಅಂದರೆ ನಾವು ಹಾಡಿಗೆ ಹೋಗೋ ಜಾಗಗಳೇ. ಆದಾಯ ತೆರಿಗೆ ಕಟ್ಟೋರಿಗೆ, 50 ದಾಟಿದವರಿಗೆ ವಿನಾಯಿತಿ ಇದೆ. ಪ್ರವಾಸಕ್ಕೆ ಹೋಗೋದಾದರೆ ಆ ಅನುಮತಿ ಬೇಡ. ಗಲ್ಫಿನಲ್ಲಿ ಕೂಲಿಗಳು ಮೋಸಹೋಗಬಾರದು ಅಂತ ಮಾಡಿದ ಕಾನೂನು ಇದು. ನಮ್ಮ ಕಂಪನಿಗಳು ಅದನ್ನು ತಪ್ಪಿಸೋಕೆ ಅಂತಲೇ ಲೈಟ್‌ಮ್ಯಾನಿಗೆ ಪ್ರವಾಸಿ ಅಂತ ಹಣೆಪಟ್ಟಿ ಹಚ್ತಾರೆ. ಆಗ ಅವನು ಏಣಿಯಿಂದ ಬಿದ್ದರೂ ಪ್ರವಾಸಿಯೇ. ಕೆಲಸ ಮಾಡ್ತಾ ಬಿದ್ದ ಅಂತ ಹೇಳಿದರೆ ಪ್ರವಾಸಿ ವಿಮೆ ಕೈ ಎತ್ತಬಹುದು, ಹೇಳದಿದ್ದರೆ ಪರಿಹಾರ ಕೇಳೋಕೆ ಅವನಿಗೆ ಬಾಯಿಲ್ಲ.

ನಿರ್ದೇಶಕಿ: ಹಾಗಾದರೆ ಅಲ್ಲಿನವರನ್ನೇ ಲೈಟಿಗೆ ತಗೊಳ್ಳೋದಾ?

ಮ್ಯಾನೇಜರ್: ಸುಲಭದ ದಾರಿ ಅದು. ಅಲ್ಲಿ ಲೈನ್ ಪ್ರೊಡ್ಯೂಸರ್ ಹಿಡಿದರೆ ಲೈಟು, ಜನ, ವ್ಯಾನು ಎಲ್ಲ ಅವನೇ ಒದಗಿಸ್ತಾನೆ. ಕೆಲವು ದೇಶಗಳಲ್ಲಿ ರಿಬೇಟ್ ಸಿಗಬೇಕಾದರೆ ಅಲ್ಲೇ ಖರ್ಚು ಮಾಡಿರಬೇಕು, ಹಾಗಾಗಿ ಲೆಕ್ಕಕ್ಕೂ ಅನುಕೂಲ. ಆದರೆ ನಮ್ಮ ಹುಡುಗರು ಇಲ್ಲಿ ಮಳೆಯಲ್ಲಿ ಕೇಬಲ್ ಎಳೆಯೋಕೆ, ವಿದೇಶದ ಹಾಡು ಬಂದರೆ ಮನೆಯಲ್ಲಿ ಕೂರೋಕೆ. ಅದು ನನಗೆ ಒಪ್ಪಿಗೆ ಇಲ್ಲ.

ನಿರ್ದೇಶಕಿ: ಮತ್ತೆ?

ಮ್ಯಾನೇಜರ್: ಅವನ ಖಾತೆಯಲ್ಲಿ ಯಾಕೆ ಏನೂ ಇಲ್ಲ? ನಾವು ದಿನಗೂಲಿಯ ಬೇಟಾ ಕೈಗೆ ಕೊಡ್ತೀವಿ. ಪ್ಯಾಕಪ್ ಆದಮೇಲೆ ನೋಟು ಎಣಿಸಿ, ವೋಚರಿಗೆ ಸಹಿ ಹಾಕಿಸಿ, ಅಲ್ಲಿಗೆ ಮುಗೀತು. ಇಪ್ಪತ್ತು ವರ್ಷ ದುಡಿದವನಿಗೂ ತಾನು ದುಡಿದೆ ಅಂತ ತೋರಿಸೋಕೆ ಒಂದು ಕಾಗದ ಇಲ್ಲ. ಕಾನ್ಸುಲೇಟಿನವರು ಅವನ ಮುಖ ನೋಡಿ ಬೇಡ ಅನ್ನಲ್ಲ ಮೇಡಂ. ನಾವು ಬರೆಯದೆ ಬಿಟ್ಟ ಲೆಕ್ಕ ನೋಡಿ ಬೇಡ ಅಂತಾರೆ. ಅವರ ನಿಯಮದಲ್ಲಿ ಪಕ್ಷಪಾತ ಇದೆ, ಇಲ್ಲ ಅನ್ನಲ್ಲ. ಬಡ ದೇಶದ ಬಡವನ ಮೇಲೆ ಅವರಿಗೆ ಅನುಮಾನ ಜಾಸ್ತಿ. ಅದನ್ನು ನಾವಿಬ್ಬರು ಬದಲಾಯಿಸೋಕೆ ಆಗಲ್ಲ. ನಮ್ಮ ಲೆಕ್ಕದ ಪುಸ್ತಕ ಬದಲಾಯಿಸಬಹುದು.

ನಿರ್ದೇಶಕಿ: ಹೇಗೆ ಅಂತ ಬಿಡಿಸಿ ಹೇಳಿ.

ಮ್ಯಾನೇಜರ್: ಇಲ್ಲಿನ ಮೊದಲ ಶೆಡ್ಯೂಲಿನಿಂದಲೇ ಎಲ್ಲರ ಕೂಲಿ ಬ್ಯಾಂಕಿಗೆ ಹೋಗಲಿ. ಆರು ತಿಂಗಳಿಗೆ ಸ್ಟೇಟ್‌ಮೆಂಟ್ ತಾನಾಗಿ ಬರುತ್ತೆ. ಚಿತ್ರಕ್ಕೆ ಇಷ್ಟು ಅವಧಿಗೆ ತಗೊಂಡಿದ್ದೀವಿ ಅಂತ ಕಂಪನಿಯ ಪತ್ರ ಕೊಡಿ. ಆಡಿಟರ್ ಹತ್ತಿರ ಕೂರಿಸಿ ರಿಟರ್ನ್ ಹಾಕಿಸಿ, ಅವರ ಶುಲ್ಕ ನಿರ್ಮಾಣದ ಖರ್ಚಿಗೆ ಬರೀರಿ. ಅರ್ಜಿಯಲ್ಲಿ ಸಿನಿಮಾ ಚಿತ್ರೀಕರಣ ಅಂತಲೇ ಬರೀಲಿ, ಜೊತೆಗೆ ಅಲ್ಲಿನ ಲೈನ್ ಪ್ರೊಡ್ಯೂಸರ್ ಆಹ್ವಾನ, ಅವರು ಮಾಡಿಸೋ ಕೆಲಸದ ಅನುಮತಿ. ಕೆಲಸದ ಅಪಘಾತಕ್ಕೆ ಸಲ್ಲೋ ವಿಮೆ ಬೇರೆ ಮಾಡಿಸಿ. ಇಷ್ಟಾದಮೇಲೂ ಒಬ್ಬನಿಗೆ ವೀಸಾ ಸಿಗದಿದ್ದರೆ, ಅಷ್ಟು ದಿನದ ಕೂಲಿಯನ್ನು ಇಲ್ಲೇ ಕೊಡಿ. ಅವನ ತಪ್ಪಿನಿಂದ ತಪ್ಪಿದ ಕೆಲಸ ಅಲ್ಲ ಅದು.

ನಿರ್ದೇಶಕಿ: ಪ್ರೊಡ್ಯೂಸರ್ ಒಪ್ಪಬೇಕಲ್ಲ. ಇದನ್ನೆಲ್ಲ ಸೇರಿಸಿದರೆ ಹಾಡಿನ ಖರ್ಚು ಎಲ್ಲಿಗೆ ಹೋಗುತ್ತೋ.

ಮ್ಯಾನೇಜರ್: ಖರ್ಚು ಹೆಚ್ಚಾಗಲಿಲ್ಲ ಮೇಡಂ. ಮೊದಲಿನಿಂದ ಅಷ್ಟೇ ಇತ್ತು. ಟೂರಿಸ್ಟ್ ವೀಸಾದ ಲೆಕ್ಕದಲ್ಲಿ ಉಳಿದ ಭಾಗವನ್ನು ಲೈಟ್‌ಮ್ಯಾನ್ ತಲೆ ಮೇಲೆ ಹಾಕಿದ್ದಿರಿ, ಅದಕ್ಕೇ ಅಗ್ಗ ಅನಿಸಿತು. ಪ್ರೊಡ್ಯೂಸರಿಗೆ ನಾನೇ ಹೇಳ್ತೀನಿ. ಒಪ್ಪದಿದ್ದರೆ ಹಾಡು ಇಲ್ಲೇ ತೆಗೀರಿ. 2006ರಲ್ಲಿ ‘ಮುಂಗಾರು ಮಳೆ’ ಬಂತಲ್ಲ, ಜೋಗ, ಸಕಲೇಶಪುರ, ಕೊಡಗಿನ ಮಳೆಯಲ್ಲೇ ತೆಗೆದದ್ದು. ಅದರಲ್ಲಿ ಸ್ವಿಟ್ಜರ್ಲೆಂಡ್ ಇಲ್ಲ ಅಂತ ಯಾರೂ ಟಿಕೆಟ್ ವಾಪಸ್ ಕೇಳಲಿಲ್ಲ. ವಿದೇಶಕ್ಕೆ ಹೋಗಲೇಬೇಕು ಅಂದರೆ ಯೂನಿಟ್ಟಿನ ಕೊನೆಯ ಮನುಷ್ಯನೂ ತಾನು ಏನು ಕೆಲಸಕ್ಕೆ ಬಂದಿದ್ದೀನಿ ಅಂತ ಗಡಿಯಲ್ಲಿ ನಿಜ ಹೇಳೋ ಹಾಗಿರಬೇಕು. ಅದು ಆಗದ ಹಾಡು ನಮಗೆ ಬೇಡ.